ಸಭೆಯ ಕಾಣಿಕೆಗೆ ಆನ್‌ಲೈನ್ ವ್ಯವಸ್ಥೆ: ಯಾವುದು ಹಿಡಿಯಲಿ?

ಹೊಸ_ಖಜಾಂಚಿ (ಮೈಸೂರು), ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನನ್ನನ್ನು ನಮ್ಮ ಚರ್ಚಿನ ಸಭೆಯ ಖಜಾಂಚಿ ಮಾಡಿದರು. ನಾನೇನೂ ಕೇಳಿಕೊಂಡಿರಲಿಲ್ಲ. "ನೀನು ಕಂಪ್ಯೂಟರ್ ಹುಡುಗ, ನೀನೇ ನೋಡ್ಕೋ" ಅಂದರು, ಮುಗೀತು. ಸುಮಾರು 140 ಮನೆಗಳ ಸಭೆ. ಅರ್ಧ ಜನ ಪಿಂಚಣಿದಾರರು, ಇನ್ನರ್ಧ ಕೈಗೆ ಫೋನ್ ಅಂಟಿಸಿಕೊಂಡವರು.

ವಿಷಯ ಇಷ್ಟು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಆರಾಧನೆ ನಿಂತಾಗ ಹಿಂದಿನ ಖಜಾಂಚಿಯವರು ತಮ್ಮ ಸ್ವಂತ ಫೋನ್‌ಪೇ ನಂಬರನ್ನು ವಾಟ್ಸಾಪ್ ಗುಂಪಿಗೆ ಹಾಕಿದರು. ಆಗಿನ ಮಟ್ಟಿಗೆ ಅದು ಸರಿಯೇ. ಆದರೆ ಅದೇ ನಂಬರ್ ಇವತ್ತಿಗೂ ನೋಟಿಸ್ ಬೋರ್ಡಿನ ಮೇಲಿದೆ. ಅವರು ಬಹಳ ಶಿಸ್ತಿನ ಮನುಷ್ಯ, ತಿಂಗಳ ಕೊನೆಗೆ ರೂಪಾಯಿ ಬಿಡದೆ ಸಭೆಯ ಖಾತೆಗೆ ಹಾಕುತ್ತಾರೆ. ಮೊನ್ನೆ ಅವರ ಪಾಸ್‌ಬುಕ್ ತಂದು ನನ್ನ ಮುಂದಿಟ್ಟರು. ಹಾಲಿನ ದುಡ್ಡು, ಗ್ಯಾಸ್ ಬಿಲ್ಲು, ಮಗಳ ಕಾಲೇಜು ಫೀಸು, ನಡುನಡುವೆ ನಮ್ಮ ಸಭೆಯವರ ದಶಮಾಂಶ, ಅಂದರೆ ಆದಾಯದ ಹತ್ತನೇ ಒಂದು ಪಾಲಿನ ಕಾಣಿಕೆ. ನೋಡಿ ನನಗೇ ಮುಜುಗರವಾಯಿತು. ಇನ್ನೊಬ್ಬರ ಮನೆ ಅಡಿಗೆಮನೆಗೆ ನುಗ್ಗಿದ ಹಾಗೆ.

ಈಗ ನನ್ನ ಮುಂದೆ ಮೂರು ದಾರಿ ಇವೆ. ಬ್ಯಾಂಕಿನ ಕ್ಯೂಆರ್ ಕೋಡ್ ಒಂದು. ರೇಜರ್‌ಪೇ, ಕ್ಯಾಶ್‌ಫ್ರೀ ತರಹದ ಪೇಮೆಂಟ್ ಗೇಟ್‌ವೇ (ನಮ್ಮ ಪರವಾಗಿ ಆನ್‌ಲೈನ್ ಪಾವತಿ ಪಡೆದು ಖಾತೆಗೆ ಹಾಕುವ ಕಂಪನಿ) ಇನ್ನೊಂದು. ಮೂರನೆಯದು, ಹಿರಿಯರೊಬ್ಬರ ಅಳಿಯ ಅಮೆರಿಕದಿಂದ ಹೇಳಿಕಳಿಸಿದ ಟೈಥ್‌ಲಿ ಆ್ಯಪ್. ಅಲ್ಲಿನ ಚರ್ಚುಗಳಲ್ಲೆಲ್ಲ ಅದೇ ಅಂತೆ. ಅನುಭವ ಇದ್ದವರು ಹೇಳಿ.

ಮಂಡ್ಯ_ಬೆಲ್ಲ, ಭಾನುವಾರ ರಾತ್ರಿ 9:58

ಮೊದಲು ಆ ನಂಬರನ್ನು ಬೋರ್ಡಿನಿಂದ ತೆಗೆಯಿರಿ ಬ್ರದರ್. ಮಿಕ್ಕಿದ್ದು ನಾಳೆ ಬರೆಯುತ್ತೇನೆ. ಈಗ ತ್ರೀಫೇಸ್ ಕರೆಂಟ್ ಬಂದಿದೆ, ಗದ್ದೆಗೆ ನೀರು ಬಿಡಬೇಕು.

ಲೆಕ್ಕದಕ್ಕ (ಮೈಸೂರು), ಭಾನುವಾರ ರಾತ್ರಿ 10:25

ಆಡಿಟ್ ಆಫೀಸಿನಲ್ಲಿ ಕೆಲಸ ಮಾಡುವವಳು ನಾನು. ಮೊದಲು ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ.

ಗೇಟ್‌ವೇಗಳು ಸಾಮಾನ್ಯವಾಗಿ ಶೇ 2ರ ಆಸುಪಾಸು ತೆಗೆದುಕೊಳ್ಳುತ್ತವೆ. ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ಅಂದರೆ ಒಬ್ಬರು 1,000 ರೂಪಾಯಿ ಕೊಟ್ಟರೆ 20 ಮತ್ತು 3.60 ಹೋಗಿ ನಿಮ್ಮ ಖಾತೆಗೆ 976.40. ಅದೂ ಒಂದೆರಡು ದಿನ ಬಿಟ್ಟು, ಹತ್ತಾರು ಜನರ ದುಡ್ಡು ಒಟ್ಟಿಗೆ ಸೇರಿ ಬರುತ್ತದೆ. ರಸೀದಿ ಎಷ್ಟಕ್ಕೆ ಹರಿಯುತ್ತೀರಿ? ಕೊಟ್ಟವರು ಸಾವಿರ ಅನ್ನುತ್ತಾರೆ, ಪಾಸ್‌ಬುಕ್ ಬೇರೆ ಹೇಳುತ್ತದೆ. ಸಾವಿರಕ್ಕೇ ಹರಿದು 23.60 ಅನ್ನು ಬ್ಯಾಂಕ್ ಖರ್ಚು ಅಂತ ತೋರಿಸಬೇಕು. ಕಷ್ಟ ಏನಿಲ್ಲ, ಆದರೆ ಯಾರೋ ಒಬ್ಬರು ತಪ್ಪದೆ ಮಾಡಬೇಕಲ್ಲ.

ಬ್ಯಾಂಕಿನ ಯುಪಿಐ ಕ್ಯೂಆರ್‌ನಲ್ಲಿ ಈ ತಲೆನೋವಿಲ್ಲ. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಎಂಡಿಆರ್, ಅಂದರೆ ದುಡ್ಡು ಪಡೆಯುವವರಿಂದ ಕೀಳುವ ಶುಲ್ಕ, ಇಲ್ಲ. ಸಾವಿರ ಕೊಟ್ಟರೆ ಸಾವಿರವೇ ಬರುತ್ತದೆ. ಕೊಟ್ಟವರ ಹೆಸರು, 12 ಅಂಕಿಯ ರೆಫರೆನ್ಸ್ ನಂಬರ್ ಎರಡೂ ಸಿಗುತ್ತವೆ.

ಟೈಥ್‌ಲಿ, ಪುಶ್‌ಪೇ ಇವೆಲ್ಲ ಹೊರಗಿನ ಕಾರ್ಡು, ಹೊರಗಿನ ಬ್ಯಾಂಕು ನೋಡಿಕೊಂಡು ಕಟ್ಟಿದ್ದು. ನಮ್ಮ ಪಿಂಚಣಿದಾರರ ಪಾಸ್‌ಬುಕ್ಕಿಗೆ ಅವು ಹೊಂದುವುದಿಲ್ಲ. ಪೇಪಾಲ್ ಕೂಡ 2021ರ ಏಪ್ರಿಲ್‌ನಿಂದ ದೇಶದೊಳಗಿನ ಪಾವತಿ ನಿಲ್ಲಿಸಿದೆ, ಅದನ್ನೂ ಪಟ್ಟಿಯಿಂದ ತೆಗೆದುಬಿಡಿ.

ಕೊನೇ_ಬೆಂಚು, ಭಾನುವಾರ ರಾತ್ರಿ 10:31

ಹಾಗಾದರೆ ಮುಗೀತಲ್ಲ. ಬ್ಯಾಂಕ್ ಕ್ಯೂಆರ್. ಮುಂದಿನ ಪ್ರಶ್ನೆ?

ಹಾಡಿನ_ಪುಸ್ತಕ (ಮೈಸೂರು), ಸೋಮವಾರ ಬೆಳಗ್ಗೆ 6:15

ಅಷ್ಟು ಬೇಗ ಮುಗಿಸಬೇಡಿ ತಮ್ಮಂದಿರಾ. ನನಗೆ 71 ವರ್ಷ. ಗಾಯನ ಮಂಡಳಿಯಲ್ಲಿ ಹಾಡುತ್ತ 50 ವರ್ಷ ಕಳೆದಿದ್ದೇನೆ. ಕಾಣಿಕೆ ಗೀತೆ ಶುರುವಾದಾಗ ಚೀಲ ಬೆಂಚಿನಿಂದ ಬೆಂಚಿಗೆ ಸಾಗುವುದನ್ನು ಮೇಲಿನಿಂದ ನೋಡುತ್ತೇನೆ. ಅಮ್ಮ ಮಗುವಿನ ಕೈಗೆ ಹತ್ತು ರೂಪಾಯಿ ಕೊಡುತ್ತಾಳೆ, ಮಗು ಎದ್ದು ನಿಂತು ಹಾಕುತ್ತದೆ. ಈಗ ಒಂದು ವರ್ಷದಿಂದ ಚೀಲ ಬಂದಾಗ ಯುವಕರು ಸುಮ್ನೆ ಪಕ್ಕದವರಿಗೆ ದಾಟಿಸುತ್ತಾರೆ. "ಆನ್‌ಲೈನ್ ಹಾಕಿದ್ದೀನಿ ಅಂಕಲ್" ಅನ್ನುತ್ತಾರೆ. ಹಾಕಿರಬಹುದು. ಆದರೆ ಆ ಮಗು ಏನು ನೋಡಿ ಕಲಿಯಬೇಕು? ಅಪ್ಪ ಚೀಲ ದಾಟಿಸಿದ್ದನ್ನೇ ಅಲ್ವಾ?

ಪೀಠದ ಪಕ್ಕ ಕ್ಯೂಆರ್ ಬೋರ್ಡ್ ನೇತು ಹಾಕುವುದಾದರೆ ನನ್ನ ವಿರೋಧ ಇದೆ.

ಮೇಣದಬತ್ತಿ, ಸೋಮವಾರ ಬೆಳಗ್ಗೆ 8:02

ಅಂಕಲ್ ಹೇಳಿದ್ದು ನೋಡಿ ನಮ್ಮ ಕಡೆಯ ಘಟನೆ ನೆನಪಾಯಿತು. ನಾವು ಕ್ಯಾಥೊಲಿಕರು. ಯಾವ ಧರ್ಮಕೇಂದ್ರ ಅಂತ ಕೇಳಬೇಡಿ.

ಹಿಂದಿನ ಬಾಗಿಲ ಹತ್ತಿರ ಮೇಣದಬತ್ತಿ, ಜಪಸರ ಮಾರುವ ಮೇಜಿಗೆ ಕ್ಯೂಆರ್ ಜೊತೆ ಸೌಂಡ್ ಬಾಕ್ಸ್ ಕೂಡ ಇಟ್ಟರು. ಮುಂದಿನ ಭಾನುವಾರ ಬಲಿಪೂಜೆಯಲ್ಲಿ ಸ್ವಾಮಿಗಳು ರೊಟ್ಟಿ ಎತ್ತಿ ಹಿಡಿದರು. ಗಂಟೆ ಬಾರಿಸಿತು. ಎಲ್ಲರೂ ಮೊಣಕಾಲ ಮೇಲೆ. ಸೂಜಿ ಬಿದ್ದರೂ ಕೇಳುವ ಮೌನ. ಆಗ ಹಿಂದಿನಿಂದ ಒಂದು ಹೆಣ್ಣು ದನಿ: "ಐವತ್ತು ರೂಪಾಯಿ ಸ್ವೀಕರಿಸಲಾಗಿದೆ."

ಹುಡುಗರ ಭುಜ ಅಲ್ಲಾಡುತ್ತಿತ್ತು. ಸ್ವಾಮಿಗಳು ಕೈ ಇಳಿಸಲಿಲ್ಲ, ಕಣ್ಣು ಮುಚ್ಚಿಕೊಂಡರು. ಅವರಿಗೂ ನಗು ಬಂದಿತ್ತು ಅಂತ ನನ್ನ ಅನುಮಾನ. ಅವತ್ತೇ ಆ ಡಬ್ಬಿ ಕಚೇರಿಗೆ ಹೋಯಿತು. ಸೌಂಡ್ ಬಾಕ್ಸಿಗೆ ತಿಂಗಳ ಬಾಡಿಗೆ ಬೇರೆ ಕೀಳುತ್ತಾರೆ. ನಿಮಗೆ ಅದು ಬೇಡವೇ ಬೇಡ.

ಇನ್ನೊಂದು ಮಾತು. ಕೊಡುವವರು ಯಾರು ಅನ್ನುವುದರ ಮೇಲೆ ವ್ಯವಸ್ಥೆ ಬದಲಾಗುತ್ತದೆ. ಮೈಸೂರಿನ ಸಂತ ಫಿಲೋಮಿನಾ ಚರ್ಚ್ ನೋಡಿ, ಮುಖ ಪರಿಚಯವಿಲ್ಲದ ಪ್ರವಾಸಿಗಳು ದಿನವಿಡೀ ಬಂದು ಹೋಗುತ್ತಾರೆ. ಜೂನ್ 13ರ ಅಂತೋಣಿಯವರ ಹಬ್ಬಕ್ಕೆ ದೋರನಹಳ್ಳಿಗೆ ಹೋಗಿ, ಜಾತಿ ಮತ ಇಲ್ಲದೆ ಹರಕೆ ಹೊತ್ತ ಜನ. ಅಂಥ ಕಡೆ ಹುಂಡಿಯ ಪಕ್ಕ ಒಂದು ಕ್ಯೂಆರ್ ಇದ್ದರೆ ಸಾಕು, ಯಾರು ಕೊಟ್ಟರು ಅಂತ ಹುಡುಕುವ ಕೆಲಸವಿಲ್ಲ. ನಿಮ್ಮದು 140 ಮನೆ. ನಿಮಗೆ ಯಾವ ಮನೆಯದು, ಯಾವುದಕ್ಕೆ ಅನ್ನುವುದು ಗೊತ್ತಾಗಬೇಕು. ಕಷ್ಟ ಇರುವುದು ಅಲ್ಲಿ.

ಮಂಡ್ಯ_ಬೆಲ್ಲ, ಸೋಮವಾರ ಮಧ್ಯಾಹ್ನ 1:20

ಬಂದೆ. ರಾತ್ರಿ ಹೇಳಿದ್ದಕ್ಕೆ ಕಾರಣ ಹೇಳುತ್ತೇನೆ.

ನಮ್ಮಲ್ಲೂ ಹೀಗೇ ಹಿರಿಯರೊಬ್ಬರ ಖಾತೆಗೆ ಕಾಣಿಕೆ ಬರುತ್ತಿತ್ತು. ಒಂದು ಬೆಳಗ್ಗೆ ಎದೆ ಹಿಡಿದುಕೊಳ್ಳುತ್ತಿದೆ ಅಂತ ಆಸ್ಪತ್ರೆಗೆ ಹೋದವರು ವಾಪಸ್ ಬರಲಿಲ್ಲ. ಆ ಖಾತೆಯಲ್ಲಿ ನಮ್ಮ ಕಟ್ಟಡ ನಿಧಿಯ ದುಡ್ಡು 1 ಲಕ್ಷದ 84 ಸಾವಿರ ಇತ್ತು. ಮಣ್ಣು ಮಾಡಿ ಹದಿನೈದು ದಿನ ಆಗಿರಲಿಲ್ಲ. ನಾವು ಮೂರು ಜನ ಅವರ ಮನೆಗೆ ಹೋದೆವು. ಅಕ್ಕ ಕಾಫಿ ಕೊಟ್ಟರು. ಲೋಟ ಆರಿಹೋಗುವ ತನಕ ಹಿಡಿದುಕೊಂಡು ಕೂತೆವು, ಯಾರಿಗೂ ಬಾಯಿ ಬರಲಿಲ್ಲ. ಕೊನೆಗೆ ಅಕ್ಕನೇ ಎದ್ದು ಒಳಗಿಂದ ಒಂದು ನೋಟ್‌ಬುಕ್ ತಂದು ಟೀಪಾಯಿ ಮೇಲಿಟ್ಟರು. ಪುಣ್ಯಾತ್ಮ, ಪ್ರತಿಯೊಂದನ್ನೂ ಬರೆದಿಟ್ಟಿದ್ದರು, ತಾರೀಕಿನ ಸಮೇತ.

ಮಗ ಮಾತ್ರ ಕೇಳಿದ, "ಬ್ಯಾಂಕಲ್ಲಿ ಇರೋದು ಅಪ್ಪನ ಹೆಸರು ಅಲ್ವಾ?" ಕೇಳಿದ್ದರಲ್ಲಿ ತಪ್ಪೇನಿಲ್ಲ. ಬ್ಯಾಂಕಿನ ಕಣ್ಣಲ್ಲಿ ಅದು ಅಪ್ಪನ ದುಡ್ಡೇ. ಮರಣ ಪತ್ರ, ನಾಮಿನಿ, ಅಲೆದಾಟ ಎಲ್ಲ ಮುಗಿದು ದುಡ್ಡು ಸಭೆಗೆ ಬರಲು ನಾಲ್ಕು ತಿಂಗಳಾಯಿತು. ಆ ಮನೆಯವರು ಈಗಲೂ ನಮ್ಮ ಜೊತೆ ಮಾತಾಡುತ್ತಾರೆ. ಮೊದಲಿನ ಹಾಗಲ್ಲ.

ಹಾಗಾಗಿ ನಿಮ್ಮ ಹಳೇ ಖಜಾಂಚಿ ಪ್ರಾಮಾಣಿಕರಾ ಅನ್ನುವುದು ಪ್ರಶ್ನೆಯೇ ಅಲ್ಲ ಬ್ರದರ್. ಖಾತೆ ಸಭೆಯ ಹೆಸರಲ್ಲಿರಬೇಕು, ಸಹಿ ಇಬ್ಬರದ್ದಿರಬೇಕು.

ಹೊಸ_ಖಜಾಂಚಿ, ಸೋಮವಾರ ಸಂಜೆ 7:05

ಅಣ್ಣ, ಇದನ್ನು ಓದಿ ಈಗಲೇ ಹೋಗಿ ಆ ನಂಬರ್ ಚೀಟಿ ಕಿತ್ತುಕೊಂಡು ಬಂದೆ. ಗೋಂದು ಗಟ್ಟಿಯಾಗಿತ್ತು, ಬೋರ್ಡಿನ ಬಟ್ಟೆಯೂ ಸ್ವಲ್ಪ ಬಂತು.

ಬ್ಯಾಂಕಿಗೆ ಏನೇನು ಕೊಡಬೇಕು? ಸಭೆಗೆ ಉಳಿತಾಯ ಖಾತೆ ಇದೆ. ಕ್ಯೂಆರ್ ಕೊಡಿ ಅಂದರೆ "ಅಂಗಡಿ ಲೈಸೆನ್ಸ್ ತನ್ನಿ" ಅಂದರು.

ಲೆಕ್ಕದಕ್ಕ, ಸೋಮವಾರ ಸಂಜೆ 7:40

ಕೌಂಟರಿನಲ್ಲಿ ಹಾಗೆ ಹೇಳುತ್ತಾರೆ. ಮ್ಯಾನೇಜರ್ ಹತ್ತಿರ ಹೋಗಿ. ವ್ಯಾಪಾರಿಗಳನ್ನು ನೋಂದಾಯಿಸುವಾಗ ನಾಲ್ಕು ಅಂಕಿಯ ವರ್ಗ ಸಂಖ್ಯೆ ಹಾಕುತ್ತಾರೆ. ಧಾರ್ಮಿಕ ಸಂಸ್ಥೆಗಳಿಗೆ ಅಂತಲೇ 8661 ಇದೆ. ಅದನ್ನು ಹಾಕಿಸಿ. ಕಿರಾಣಿ ಅಂಗಡಿ ಅಂತ ಹಾಕಿಬಿಟ್ಟರೆ ಮುಂದೆ ವಿವರಣೆ ಕೊಡುತ್ತ ಕೂರಬೇಕಾಗುತ್ತದೆ.

ಪ್ಯಾನ್, ಟ್ರಸ್ಟ್ ಪತ್ರ, ಸಮಿತಿಯ ನಿರ್ಣಯದ ಪ್ರತಿ, ಸಹಿ ಹಾಕುವವರ ಗುರುತಿನ ಚೀಟಿ ಬೇಕು. ಡಯಾಸಿಸ್‌ಗೆ (ಬಿಷಪ್ಪರ ಆಡಳಿತಕ್ಕೆ) ಸೇರಿದ ಸಭೆಯಾದರೆ ಪ್ಯಾನ್, ಆದಾಯ ತೆರಿಗೆ ವಿನಾಯಿತಿಯ 12ಎ ನೋಂದಣಿ ಸಾಮಾನ್ಯವಾಗಿ ಮೇಲಿನವರ ಹೆಸರಲ್ಲಿರುತ್ತವೆ. ನಿಮ್ಮ ಪಾಸ್ಟರ್ ಅಯ್ಯನವರ ಮೂಲಕ ಅಲ್ಲಿಂದ ಒಂದು ಪತ್ರ ತರಿಸಿಕೊಳ್ಳಿ. ಗೇಟ್‌ವೇ ಆದರೆ ಇಷ್ಟರ ಮೇಲೆ ವೆಬ್‌ಸೈಟು, ಅದರಲ್ಲಿ ರೀಫಂಡ್ ನೀತಿ, ಗೋಪ್ಯತಾ ನೀತಿ ಎಲ್ಲ ಕೇಳುತ್ತಾರೆ. ಕಾಣಿಕೆಗೆ ರೀಫಂಡ್ ನೀತಿ ಬರೆಯೋದು ಹೇಗೆ ಅಂತ ಒಬ್ಬ ಪಾಸ್ಟರ್ ನನ್ನನ್ನು ಕೇಳಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೇ_ಬೆಂಚು, ಸೋಮವಾರ ರಾತ್ರಿ 8:15

ಯುಪಿಐ ಜಾಸ್ತಿ ಆದರೆ ಜಿಎಸ್‌ಟಿ ನೋಟಿಸ್ ಬರಲ್ವಾ? 2025ರ ಜುಲೈನಲ್ಲಿ ನಮ್ಮ ಬೀದಿಯ ಬೇಕರಿಯವನು ಹೆದರಿ ಕ್ಯೂಆರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬರೆದಿದ್ದ.

ಲೆಕ್ಕದಕ್ಕ, ಸೋಮವಾರ ರಾತ್ರಿ 8:33

ಅದು ವ್ಯಾಪಾರದ ವಹಿವಾಟಿಗೆ. ಪ್ರತಿಯಾಗಿ ಏನೂ ಪಡೆಯದೆ ಕೊಟ್ಟ ಕಾಣಿಕೆ ವ್ಯಾಪಾರವಲ್ಲ, ಜಿಎಸ್‌ಟಿ ಬರುವುದಿಲ್ಲ. ಆದರೆ ಸಭೆಯ ಹಾಲನ್ನು ಮದುವೆಗೆ ಬಾಡಿಗೆ ಕೊಡುತ್ತೀರಲ್ಲ, ಅದನ್ನು ಬೇರೆ ಇಡಿ. 12ಎ ನೋಂದಣಿ ಇರುವ ಧಾರ್ಮಿಕ ಸ್ಥಳದ ಹಾಲಿಗೆ ದಿನಕ್ಕೆ 10,000 ರೂಪಾಯಿಗಿಂತ ಕಡಿಮೆ ಬಾಡಿಗೆ ಇದ್ದರೆ ವಿನಾಯಿತಿ ಇದೆ. ಕಾಣಿಕೆಯ ಕ್ಯೂಆರ್‌ಗೇ ಬಾಡಿಗೆಯನ್ನೂ ಹಾಕಿಸಿಕೊಂಡರೆ ಕೇಳಿದಾಗ ಬಿಡಿಸಿ ತೋರಿಸಲು ಆಗುವುದಿಲ್ಲ.

ಕೊಟ್ಟವರಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವ 80ಜಿ ರಸೀದಿ ಕೇಳುವವರೂ ಬರುತ್ತಾರೆ, ಈಗಲೇ ಹೇಳಿಬಿಡುತ್ತೇನೆ. ಒಂದೇ ಧರ್ಮದವರಿಗಾಗಿ ಇರುವ ಸಂಸ್ಥೆಗೆ ಆ ವಿನಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ. ಸಭೆ ನಡೆಸುವ ಶಾಲೆಗೋ ಆಸ್ಪತ್ರೆಗೋ ಬೇರೆ ಟ್ರಸ್ಟ್ ಇದ್ದು 80ಜಿ ಪಡೆದಿದ್ದರೆ ಅದು ಬೇರೆ. ಹಾಗಿದ್ದರೂ 2,000 ರೂಪಾಯಿ ಮೀರಿದ ನಗದಿಗೆ ಸಿಗದು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳೇ ಬದಲಾಗಿವೆ, ಜನ ಮಾತ್ರ 80ಜಿ ಅಂತಲೇ ಕೇಳುತ್ತಾರೆ. ಕೇಳಿದವರಿಗೆಲ್ಲ "ಸಿಗುತ್ತೆ ಬಿಡಿ" ಅಂದುಬಿಡಬೇಡಿ.

ಗಲ್ಫ್_ತಮ್ಮ, ಸೋಮವಾರ ರಾತ್ರಿ 11:50

ದುಬೈನಿಂದ. ನಾನು ಊರ ಸಭೆಗೆ ತಿಂಗಳು ತಿಂಗಳು ಕಳಿಸುತ್ತೇನೆ. ಇದು ವಿದೇಶಿ ದೇಣಿಗೆ ಆಗುತ್ತದೆ ಅಂತ ಯಾರೋ ಹೆದರಿಸಿದರು. ಹೌದಾ?

ಲೆಕ್ಕದಕ್ಕ, ಮಂಗಳವಾರ ಬೆಳಗ್ಗೆ 7:10

ನಿಮ್ಮ ಪಾಸ್‌ಪೋರ್ಟ್ ಭಾರತದ್ದೇ ತಾನೆ? ನಿಮ್ಮ ಸ್ವಂತ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಪಾಸ್‌ಪೋರ್ಟ್ ನಕಲೊಂದನ್ನು ಖಜಾಂಚಿಗೆ ಕೊಟ್ಟಿಡಿ.

ತೊಂದರೆ ಇರುವುದು ಆ ಅಮೆರಿಕದ ಅಳಿಯನಿಗೆ, ಅವರು ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅವರು ಕೊಟ್ಟದ್ದು ವಿದೇಶಿ ದೇಣಿಗೆಯೇ. ಇಲ್ಲಿನ ಖಾತೆಯಿಂದ ರೂಪಾಯಿಯಲ್ಲೇ ಕೊಟ್ಟರೂ ಅಷ್ಟೇ. ಅದನ್ನು ಪಡೆಯಲು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು. 2020ರ ತಿದ್ದುಪಡಿ ಆದಮೇಲೆ ಆ ದುಡ್ಡು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ನೋಂದಣಿ ಇಲ್ಲದ ಸಭೆ ಹೊರದೇಶದ ಕಾರ್ಡು ಸ್ವೀಕರಿಸುವ ಗುಂಡಿಯನ್ನು ವೆಬ್‌ಸೈಟಿನಲ್ಲಿ ಇಟ್ಟುಕೊಳ್ಳುವುದೇ ಬೇಡ. ಈ ಒಂದು ಕಾರಣಕ್ಕೇ ನಾನು ಸಣ್ಣ ಸಭೆಗಳಿಗೆ ಗೇಟ್‌ವೇ ಬೇಡ ಅನ್ನುವುದು. ಶುಲ್ಕ ಆಮೇಲಿನ ಮಾತು.

ಕೊನೇ_ಬೆಂಚು, ಮಂಗಳವಾರ ಬೆಳಗ್ಗೆ 9:00

ಆದರೆ ಗೇಟ್‌ವೇ ಇದ್ದರೆ ಚಂದಾಕ್ಕೆ ಆಟೋಪೇ ಹಾಕಬಹುದು, ತಿಂಗಳು ತಿಂಗಳು ತಾನಾಗಿಯೇ ಕಡಿತವಾಗುತ್ತದೆ. 15,000 ರೂಪಾಯಿ ತನಕ ಪ್ರತಿ ಸಲ ಪಿನ್ ಬೇಡ, ಕಡಿತಕ್ಕೆ ಒಂದು ದಿನ ಮೊದಲು ಮೆಸೇಜ್ ಬರುತ್ತದೆ. ತಿಂಗಳಾದರೆ ಖಜಾಂಚಿ ಮನೆ ಮನೆ ಸುತ್ತುವುದು ತಪ್ಪುತ್ತದೆ.

ಹಾಡಿನ_ಪುಸ್ತಕ, ಮಂಗಳವಾರ ಬೆಳಗ್ಗೆ 9:20

ದೇವರಿಗೆ ಇಎಂಐ ಕಟ್ಟಿದ ಹಾಗೆ.

ಕೊನೇ_ಬೆಂಚು, ಮಂಗಳವಾರ ಬೆಳಗ್ಗೆ 9:21

😂 ಸೋತೆ ಅಂಕಲ್.

ಹೊಸ_ಖಜಾಂಚಿ, ಮಂಗಳವಾರ ರಾತ್ರಿ 9:15

ಬ್ಯಾಂಕ್ ಕ್ಯೂಆರ್ ಅಂತ ಸಮಿತಿಯಲ್ಲಿ ಒಪ್ಪಿಗೆಯಾಯಿತು. ಈಗ ಮೇಣದಬತ್ತಿಯವರು ಹೇಳಿದ ಕಷ್ಟ. ಸ್ಟೇಟ್‌ಮೆಂಟಿನಲ್ಲಿ 500 ಬಂದಿದೆ ಅಂದುಕೊಳ್ಳಿ. ದಶಮಾಂಶವಾ, ಕಟ್ಟಡ ನಿಧಿಯಾ, ಚಂದಾನಾ? ಹೆಂಡತಿ ಕೊಟ್ಟದ್ದು ಗಂಡನ ಫೋನಿನಿಂದ, ಅತ್ತೆಯದು ಸೊಸೆಯ ಫೋನಿನಿಂದ. ನಮ್ಮಲ್ಲಿ ಚಂದಾ ಬಾಕಿ ಇದ್ದವರಿಗೆ ಮತ ಇಲ್ಲ. ಹೋದ ಚುನಾವಣೆಯಲ್ಲಿ "ನಾನು ಫೋನ್‌ಪೇ ಮಾಡಿದ್ದೀನಲ್ಲ" ಅಂತ ಒಬ್ಬರು ಗೇಟಿನ ಹತ್ತಿರವೇ ಜಗಳಕ್ಕೆ ನಿಂತರು. ಅವರು ಮಾಡಿದ್ದೂ ನಿಜ, ಸುಗ್ಗಿ ಹಬ್ಬದ ಹರಾಜಿನ ಕುಂಬಳಕಾಯಿಗೆ.

ಮಂಡ್ಯ_ಬೆಲ್ಲ, ಮಂಗಳವಾರ ರಾತ್ರಿ 9:50

ಅಯ್ಯೋ, ಹರಾಜಿನ ಕುಂಬಳಕಾಯಿ! ನಮ್ಮಲ್ಲಿ ಸುಗ್ಗಿ ಹಬ್ಬದ ಹರಾಜೆಂದರೆ ಅಚ್ಚು ಬೆಲ್ಲ, ಕಬ್ಬಿನ ಜಲ್ಲೆ, ನಾಟಿ ಕೋಳಿ. ಜೋಶ್‌ನಲ್ಲಿ ಕೂಗುತ್ತಾರೆ, ಕೋಳಿ ಮನೆಗೆ ಹೋಗಿ ಸಾರಾಗಿರುತ್ತದೆ, ದುಡ್ಡು ಬರುವುದು ಮುಂದಿನ ಸುಗ್ಗಿಗೆ. ಹರಾಜಿನ ಮೇಜಿಗೆ ಕ್ಯೂಆರ್ ಇಟ್ಟ ಮೇಲೆ ಬಾಕಿ ಬಹಳ ಕಡಿಮೆಯಾಯಿತು. ಅದಕ್ಕೆ ಬೇರೆಯದೇ ಕೋಡ್ ಮಾಡಿಸಿ.

ನಿಧಿಗಳಿಗೆ ನಾವು ಕೊನೆಯ ಅಂಕಿ ಹಿಡಿದೆವು. ಕಟ್ಟಡಕ್ಕಾದರೆ 502, ಬಡವರ ನಿಧಿಗಾದರೆ 503, ಚಂದಾ ಆದರೆ 4ರಲ್ಲಿ ಮುಗಿಯಬೇಕು. 1 ಅನ್ನು ಮಾತ್ರ ಮುಟ್ಟಬೇಡಿ. ಮೊದಲ ತಿಂಗಳು ದಶಮಾಂಶಕ್ಕೆ 1 ಅಂತ ಇಟ್ಟು ಕೆಟ್ಟೆವು. ನಮ್ಮ ಜನ ಏನು ಕೊಟ್ಟರೂ 101, 501 ಅಂತಲೇ ಕೊಡುವುದು.

ಮೇಣದಬತ್ತಿ, ಬುಧವಾರ ಬೆಳಗ್ಗೆ 7:45

ಅಂಕಿ ಮರೆತುಹೋಗುತ್ತದೆ. ಚೀಟಿ ಮಾಡಿ. ಬೆಂಚಿನ ಮೇಲೆ ಸಣ್ಣ ಚೀಟಿಗಳನ್ನು ಇಡಿ. "ಆನ್‌ಲೈನ್‌ನಲ್ಲಿ ಕೊಟ್ಟಿದ್ದೇನೆ" ಅಂತ ಮೇಲೆ ಅಚ್ಚು ಹಾಕಿಸಿ. ಕೆಳಗೆ ಮನೆ ನಂಬರ್, ಮೊತ್ತ, ಯಾವುದಕ್ಕೆ, ರೆಫರೆನ್ಸಿನ ಕೊನೆಯ ನಾಲ್ಕು ಅಂಕಿ. ಮನೆಯಲ್ಲೇ ಪಾವತಿ ಮಾಡಿ, ಬರೆದು, ಆರಾಧನೆಯಲ್ಲಿ ಚೀಲಕ್ಕೆ ಹಾಕಬೇಕು. ಆರಾಧನೆ ನಡುವೆ ಯಾರೂ ಫೋನ್ ತೆಗೆಯುವಂತಿಲ್ಲ.

ಕ್ಯೂಆರ್ ಬೋರ್ಡನ್ನು ಗೇಟಿಗೆ ಹಾಕಬೇಡಿ. ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿ ಹೋಗುವ ಕಳ್ಳರಿದ್ದಾರೆ. ಒಳಗಿರಲಿ, ಕಚೇರಿ ಬಾಗಿಲ ಹತ್ತಿರ. ಸ್ಕ್ಯಾನ್ ಮಾಡಿದಾಗ ಸಭೆಯ ಹೆಸರು ಬಂದರೆ ಮಾತ್ರ ಪಿನ್ ಒತ್ತಿ ಅಂತ ಪ್ರಕಟಣೆಯಲ್ಲಿ ಹೇಳಿ.

ಹಾಡಿನ_ಪುಸ್ತಕ, ಬುಧವಾರ ಬೆಳಗ್ಗೆ 8:30

ಚೀಟಿ ಚೀಲಕ್ಕೆ ಬೀಳುವುದಾದರೆ ನನ್ನ ವಿರೋಧ ಇಲ್ಲ. ಮಗುವಿನ ಕೈಲಿ ಹಾಕಿಸಿ.

ಒಂದು ಕೇಳುತ್ತೇನೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಬೆಳೆದವರು ನಾವು. ಯಾರು ಎಷ್ಟು ಅನ್ನುವುದು ಈಗ ಖಜಾಂಚಿಯ ಫೋನಿನಲ್ಲಿ ಇರುತ್ತದಲ್ಲ?

ಲೆಕ್ಕದಕ್ಕ, ಬುಧವಾರ ಬೆಳಗ್ಗೆ 10:05

ಸರಿಯಾದ ಪ್ರಶ್ನೆ ಅಂಕಲ್. ಸ್ಟೇಟ್‌ಮೆಂಟ್ ನೋಡುವವರು ಇಬ್ಬರೇ ಅಂತ ನಿರ್ಣಯ ಬರೆಯಿಸಿ. ವಾಟ್ಸಾಪ್ ಗುಂಪಿಗೆ ಹೆಸರು, ಮೊತ್ತದ ಪಟ್ಟಿ ಹಾಕಲೇಬಾರದು. ನಿಧಿವಾರು ಒಟ್ಟು ಮೊತ್ತ ಮಾತ್ರ ಬೋರ್ಡಿಗೆ. ಹೆಸರಿಲ್ಲದೆ ಕೊಡಬೇಕು ಅನ್ನುವವರಿಗೆ ಚೀಲ ಇದ್ದೇ ಇದೆ. ಬರೀ ಧಾರ್ಮಿಕ ಉದ್ದೇಶದ ಟ್ರಸ್ಟ್‌ಗೆ ಅನಾಮಧೇಯ ಕಾಣಿಕೆಯ ಮೇಲಿನ ಶೇ 30ರ ತೆರಿಗೆ ಅನ್ವಯಿಸುವುದಿಲ್ಲ, ಹೆದರಬೇಡಿ.

ಹೊಸ_ಖಜಾಂಚಿ, ಆರು ವಾರ ಬಿಟ್ಟು, ಭಾನುವಾರ ಮಧ್ಯಾಹ್ನ 2:10

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಕ್ಯೂಆರ್ ಬಂತು, 8661 ಹಾಕಿಸಿದೆ. ಹಳೇ ಖಜಾಂಚಿಯವರು ಬಾಕಿ ಲೆಕ್ಕ ಕೊಟ್ಟು, ಸಭೆಯ ಮುಂದೆ ಸಹಿ ಹಾಕಿ, "ಈಗ ನಿದ್ದೆ ಬರುತ್ತೆ" ಅಂದರು. ಹಾಲಿನ ಬಾಡಿಗೆಗೆ ಚೆಕ್ ಮಾತ್ರ ಅಂತ ಮಾಡಿದೆವು. ಅಳಿಯನಿಗೆ ವಿಷಯ ತಿಳಿಸಿದೆ, ಸ್ವಲ್ಪ ಮುನಿಸಿಕೊಂಡಿದ್ದಾರೆ.

ಇವತ್ತು ಎಣಿಕೆಗೆ ಮೂರು ಜನ ಕೂತಿದ್ದೆವು. ಚೀಲ ಸುರಿದರೆ ನೋಟು, ಚಿಲ್ಲರೆ, ಮಧ್ಯೆ 38 ಚೀಟಿ. ಒಂದರಲ್ಲಿ "ಯಾವುದಕ್ಕೆ" ಅನ್ನುವ ಕಡೆ ಪೆನ್ಸಿಲಲ್ಲಿ ಒಂದು ಆನೆ ಬರೆದಿತ್ತು. ಮಗುವಿನ ಕೈಗೆ ಕೊಡಿ ಅಂದ ಹಾಡಿನ ಪುಸ್ತಕದ ಅಂಕಲ್ಲೇ ಇದಕ್ಕೆ ಹೊಣೆ. ಮನೆ ನಂಬರ್ ಇತ್ತು, ಫೋನ್ ಮಾಡಿ ಕೇಳಿದೆವು, ಕಟ್ಟಡ ನಿಧಿಯಂತೆ.

ಒಂದು ಅನುಮಾನ ಉಳಿದಿದೆ. ಸ್ಟೇಟ್‌ಮೆಂಟಿನಲ್ಲಿ 1 ರೂಪಾಯಿಯ ಪಾವತಿ ಹನ್ನೊಂದಿವೆ. ಸರಿಯಾಗಿ ಹೋಗುತ್ತದಾ ಅಂತ ಜನ ಮೊದಲು 1 ರೂಪಾಯಿ ಹಾಕಿ ನೋಡಿದ್ದಾರೆ. ಅವಕ್ಕೆ ಚೀಟಿ ಇಲ್ಲ, ಉದ್ದೇಶ ಇಲ್ಲ. ಆ 1 ರೂಪಾಯಿಗೂ ರಸೀದಿ ಹರಿಯಬೇಕಾ ಅಕ್ಕ?

ಲೆಕ್ಕದಕ್ಕ, ಭಾನುವಾರ ಮಧ್ಯಾಹ್ನ 2:35

ಹರಿಯಿರಿ. ಹನ್ನೊಂದಕ್ಕೂ.